ಸೂರ್ಯ ಬೇಗ ಮುಳುಗುತ್ತಿದ್ದ ಮನೆ

ಕೆಳಗಿನ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ಮುಖವನ್ನೂ ಸರಿಯಾಗಿ ನೋಡಿಲ್ಲ. ಆದರೆ ದಿನಾ ಸಂಜೆ ಐದರ ಸುಮಾರಿಗೆ ಅವರ ಹಂಚಿನ ಮೇಲಿನ ಜೋಳದ ರೊಟ್ಟಿಯ ವಾಸನೆ ಮೆಟ್ಟಿಲು ಹತ್ತಿ ಬಂದು, ಕದ ಬಡಿಯದೆ ನನ್ನ ಮನೆಯೊಳಗೆ ಕೂತುಬಿಡುತ್ತದೆ. ಧಾರವಾಡದಲ್ಲಿ ಐದಕ್ಕೆ ಜನ ಚಹಾ ಕುಡಿಯುತ್ತಾರೆ, ವಾಕಿಂಗ್ ಹೊರಡುತ್ತಾರೆ, ದೇಶದ ಬಗ್ಗೆ ಕಳವಳಪಡುತ್ತಾರೆ. ರೊಟ್ಟಿ ಬಡಿಯುವುದಿಲ್ಲ. ಆ ಹೊತ್ತಿಗೆ ಬಡಿಯುತ್ತಾರೆಂದರೆ ಅವರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರೇ ಇರಬೇಕೆಂದು ನಾನು ಕುರ್ಚಿಯಲ್ಲಿ ಕೂತೇ ತೀರ್ಮಾನಿಸಿದೆ. ಇಂಥ ಮಹತ್ವದ ಸಂಶೋಧನೆಯನ್ನು ಹೇಳಿಕೊಳ್ಳಲು ಮನೆಯಲ್ಲಿ ಮತ್ತೊಂದು ಕುರ್ಚಿ ಇದೆ. ಅದರಲ್ಲಿ ಯಾರೂ ಇಲ್ಲ.

ಆ ವಾಸನೆ ನನ್ನನ್ನು ಸೀದಾ ಐನಾಪುರದ ಒಂದು ಮಳೆಗಾಲಕ್ಕೆ ಕರೆದೊಯ್ಯುತ್ತದೆ.

ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ಇಲಾಖೆ ನನ್ನನ್ನು ಅಲ್ಲಿನ ಶಾಲೆಗೆ ಹೆಡ್ ಮಾಸ್ತರನನ್ನಾಗಿ ಕಳಿಸಿತು. ಅದಕ್ಕೂ ಸ್ವಲ್ಪ ಮುಂಚೆ ಹೆಂಡತಿ ತೀರಿಕೊಂಡಿದ್ದಳು. ನನ್ನನ್ನು ಕೇಳಿ ನಿರ್ಧಾರ ಮಾಡುವ ರೂಢಿ ಇಲಾಖೆಗೂ ಇರಲಿಲ್ಲ, ಆಕೆಗೂ ಇರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ನಾನು ಕಾಗವಾಡದಲ್ಲಿ ಬಸ್ಸು ಬದಲಿಸಿ, ಎರಡೂ ಕಡೆ ಕಬ್ಬು ನಿಂತ ರಸ್ತೆಯಲ್ಲಿ ಮಳೆಯ ಜೊತೆಗೇ ಊರು ಹೊಕ್ಕೆ.

ಬಾಡಿಗೆಗೆ ಸಿಕ್ಕಿದ್ದು ಭೂಪಾಲನೆಂಬ ರೈತನ ಮನೆಯ ಮೇಲಿನ ಖೋಲಿ. ಮನೆಯಲ್ಲಿ ಅವನು, ಅವನ ಹೆಂಡತಿ ಸುನಂದಾ, ಆರನೆಯ ಇಯತ್ತೆ ಓದುವ ಮಗಳು ತ್ರಿಶಲಾ, ಮತ್ತು ಅವನ ತಾಯಿ. ಆ ತಾಯಿಯನ್ನು ಮಗ, ಸೊಸೆ, ಮೊಮ್ಮಗಳು, ಓಣಿ, ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ನಾನೂ ಕರೆದೆ.

"ಊಟಾನೂ ನಮ್ಮಲ್ಲೇ ಆಗ್ಲಿ ಸರ್," ಅಂದ ಭೂಪಾಲ. "ಖರೆ, ಹೊತ್ತ ಮುಳುಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ಉಣ್ಣಾಂಗಿಲ್ರಿ. ಉಳ್ಳಾಗಡ್ಡಿ, ಬಟಾಟಿ ಸಿಗಾಂಗಿಲ್ಲ. ಮಳಿಗಾಲದಾಗ ತಪ್ಪಲ ಪಲ್ಯಾನೂ ಇಲ್ಲ."

"ಮತ್ತ ಸಿಗೂದೇನಪಾ?"

"ಹೊಟ್ಟಿ ತುಂಬ ರೊಟ್ಟಿ ಸಿಗತೈತ್ರಿ."

ಹೆಂಡತಿ ಇದ್ದಾಗ ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ಊಟ. ಆಕೆ ಹೋದ ಮೇಲೆ ಊಟಕ್ಕೆ ಹೊತ್ತೆಂಬುದೇ ಇರಲಿಲ್ಲ. ಹಸಿವಾದಾಗ ಡಬ್ಬಿ ತೆರೆಯುತ್ತಿದ್ದೆ, ಡಬ್ಬಿ ಬರಿದಾಗಿದ್ದರೆ ಮುಚ್ಚುತ್ತಿದ್ದೆ, ಹಸಿವೂ ಅದರ ಜೊತೆಗೇ ಮುಚ್ಚಿಕೊಳ್ಳುತ್ತಿತ್ತು. ಹೀಗಾಗಿ ಯಾರೋ ಕೆಳಗಿನಿಂದ "ಸರ್, ತಾಟ ಹಾಕೇವ್ರಿ, ಬರ್ರಿ" ಎಂದು ಕೂಗುತ್ತಾರೆ ಎನ್ನುವುದೊಂದೇ ನನಗೆ ಸಾಕಾಗಿತ್ತು. ಉಳ್ಳಾಗಡ್ಡಿಯನ್ನು ತ್ಯಾಗ ಮಾಡಿದೆ. ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತ್ಯಾಗಗಳಾಗಿವೆ ಎಂದು ಒಪ್ಪುತ್ತೇನೆ.

ತೊಂದರೆ ಬಂದದ್ದು ಊಟದ ನಂತರ. ಆರೂವರೆಗೆ ಕೈ ತೊಳೆದವನು ನಿದ್ದೆ ಬರುವ ತನಕ ಏನು ಮಾಡಬೇಕು? ಖೋಲಿಯಲ್ಲಿ ಕೂತರೆ ತಗಡಿನ ಮೇಲೆ ಮಳೆ, ಮಳೆ ನಿಂತರೆ ಅದಕ್ಕಿಂತ ಜೋರಾಗಿ ಸುಮ್ಮನಿರುವುದು ಕೇಳುತ್ತಿತ್ತು. ಆಗಲೇ ನಾನು ಮಕ್ಕಳಿಗಾಗಿ ನಗೆಯ ವಿಜ್ಞಾನ ಸಾಹಸ ಕಥೆ ಬರೆಯಲು ಕೂತದ್ದು. ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಹಿಂದೆಯೂ ಒಂದೆರಡು ಬರೆದಿದ್ದೆ. ಅದರಿಂದ ಸಾಹಿತ್ಯಲೋಕದಲ್ಲಿ ಯಾವ ಗದ್ದಲವೂ ಆಗಿರಲಿಲ್ಲ. ಶಾಂತಿಭಂಗ ಮಾಡಿದ ಆರೋಪ ನನ್ನ ಮೇಲಿಲ್ಲ.

ಕಥೆಯ ನಾಯಕ ಐನಾಪುರದ ಹುಡುಗ ಬಾಳ್ಯಾ. ಅವನು ಕಬ್ಬು ಹೇರುವ ಟ್ರೇಲರಿಗೆ ರೆಕ್ಕೆ ಕಟ್ಟಿ, ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಇಂಧನವಾಗಿ ಸುರಿದು, ಚಂದ್ರಿ ಎಂಬ ಎಮ್ಮೆಯೊಂದಿಗೆ ಅಂತರಿಕ್ಷಕ್ಕೆ ಹಾರುತ್ತಾನೆ. ಎಮ್ಮೆ ಯಾಕೆಂದರೆ, ದೂರದ ಪ್ರಯಾಣ, ಚಹಾಕ್ಕೆ ಹಾಲು ಬೇಕು. ಬರೆದದ್ದನ್ನು ದಿನಾ ಊಟದ ಮೇಲೆ ಪಡಸಾಲೆಯಲ್ಲಿ ತ್ರಿಶಲಾಳಿಗೆ ಓದಿ ಹೇಳುತ್ತಿದ್ದೆ. ಆಯಿ ಪಕ್ಕದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ, ಕೇಳಿಸಿಕೊಳ್ಳದವರಂತೆ ಕೂತಿರುತ್ತಿದ್ದರು. ಎರಡನೆಯ ದಿನವೇ ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿಯಿತು.

"ಮಾಸ್ತರ, ಕಾಕಂಬಿ ಬ್ಯಾಡ್ರಿ. ಅದರಿಂದ ಸೆರೆ ಮಾಡ್ತಾರ."

"ಆಯಿ, ಇದು ಇಂಜಿನ್ನಿಗೆ ಹಾಕೂದ್ರಿ, ಹುಡುಗ ಕುಡ್ಯಾಂಗಿಲ್ಲ."

"ಇವತ್ತ ಇಂಜಿನ್ ಕುಡೀತೈತಿ, ನಾಳೆ ಹುಡುಗ ಕುಡೀತಾನ. ಬೆಲ್ಲ ಹಾಕ್ರಿ."

ಬೆಲ್ಲ ಹಾಕಿದೆ. ಟ್ರೇಲರು ಹಾರಿತು. ಮುಂದೆ ಏಳು ಕಾಲಿನ ಜೀವಿಗಳಿರುವ ಗ್ರಹದಲ್ಲಿ ಬಾಳ್ಯಾ ಬಂದೂಕು ಎತ್ತಿದಾಗ ಆಯಿ ಮೊರವನ್ನೇ ಕೆಳಗಿಟ್ಟರು.

"ಅವಕ್ಕ ಜೀವ ಇಲ್ಲೇನ್ರಿ?"

"ಅವು ವೈರಿಗಳ್ರಿ ಆಯಿ."

"ವೈರಿ ಅಂದ್ರ ಜೀವ ಇರಾಂಗಿಲ್ಲೇನು? ಸ್ವಲ್ಪ ಬಾಜೂಕ ಸರೀರಿ ಅಂದ್ರ ಸರೀತಾವ. ಕೇಳಿ ನೋಡ್ಲಿ ನಿಮ್ಮ ಹುಡುಗ."

ಹೀಗೆ ನನ್ನ ಬಾಳ್ಯಾ ಬಂದೂಕು ಬಿಸಾಕಿ, ಮೆತ್ತನೆಯ ಅರಿವೆ ಹಿಡಿದು, ಇಡೀ ವೈರಿಪಡೆಯನ್ನು ನಾಜೂಕಾಗಿ ಬದಿಗೆ ಸರಿಸುತ್ತ ಯುದ್ಧ ಗೆದ್ದ. ಒಂದು ಕಾಲೂ ಮುರಿಯದ ಗ್ರಹಯುದ್ಧ ಅದೊಂದೇ ಇರಬೇಕು. ತ್ರಿಶಲಾ ಬಿದ್ದು ಬಿದ್ದು ನಕ್ಕಳು. ಬಂದೂಕು ಇದ್ದಾಗ ಆಕೆ ಅಷ್ಟು ನಕ್ಕಿರಲಿಲ್ಲ. ಇದನ್ನು ನಾನು ಲೇಖಕನಾಗಿ ಮೌನವಾಗಿ ಗಮನಿಸಿದೆ.

ದೊಡ್ಡ ಪ್ರಶ್ನೆ ಬಂದದ್ದು ಟ್ರೇಲರು ಭೂಮಿಯನ್ನು ಸುತ್ತತೊಡಗಿದಾಗ. ಅಲ್ಲಿ ಒಂದೂವರೆ ತಾಸಿಗೊಮ್ಮೆ ಸೂರ್ಯ ಮುಳುಗಿ ಮತ್ತೆ ಏಳುತ್ತಾನೆ ಎಂದು ಓದಿದೆ. ಆಯಿ ಕಥೆ ನಿಲ್ಲಿಸಿದರು.

"ಹಂಗಾದ್ರ ಹುಡುಗ ಉಣ್ಣೂದು ಯಾವಾಗ?"

ಯಾವ ದೇಶದ ಅಂತರಿಕ್ಷ ಸಂಸ್ಥೆಯೂ ಈ ದಿಕ್ಕಿನಲ್ಲಿ ಯೋಚಿಸಿದಂತಿಲ್ಲ. ಒಂದಿಡೀ ದಿನ ಬಾಳ್ಯಾ ಹಸಿದುಕೊಂಡು ಭೂಮಿ ಸುತ್ತಿದ. ಮರುದಿನ ಆಯಿಯೇ ತೀರ್ಪು ಕೊಟ್ಟರು.

"ಎಲ್ಲೇ ಇರಲಿ, ತನ್ನ ಊರ ಹೊತ್ತ ಹಿಡೀಬೇಕು. ಐನಾಪುರದಾಗ ಹೊತ್ತ ಮುಳುಗೂದ್ರಾಗ ಅಲ್ಲೆ ಉಣ್ಣಬೇಕು. ದಿನಾ ಸಂಜಿಗಿ ಕೆಳಗ ನೋಡಿ ನಮ್ಮೂರ ಹುಡಕ್ಲಿ. ಅಂದ್ರ ಮನೀ ನೆನಪಾದ್ರೂ ಇರತೈತಿ."

ಅಂದಿನಿಂದ ಬಾಳ್ಯಾ ಪ್ರತಿ ಸಂಜೆ ಟ್ರೇಲರಿನ ಅಂಚಿಗೆ ಬಂದು, ಮೋಡದ ನಡುವೆ ಕೃಷ್ಣಾ ನದಿಯನ್ನು ಹುಡುಕಿ, ಅದರ ದಂಡೆಗುಂಟ ತನ್ನ ಊರು ಹುಡುಕಿ, ಬುತ್ತಿ ಬಿಚ್ಚುತ್ತಿದ್ದ. ಆ ಭಾಗ ಬರೆದ ಸಂಜೆ ನಾನು ಖೋಲಿಯ ಕಿಟಕಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ಹಿಡಿಯಲು ನನಗೆ ಯಾವ ಊರ ಹೊತ್ತೂ ಉಳಿದಿರಲಿಲ್ಲ.

ಈಗ ಆ ಮನೆಯ ಗಡಿಯಾರದ ವಿಷಯ ಹೇಳಬೇಕು. ಗಡಿಯಾರ ಗೋಡೆಯ ಮೇಲಿತ್ತು, ಸರಿಯಾಗಿ ನಡೆಯುತ್ತಿತ್ತು, ಯಾರೂ ಅದನ್ನು ಕೇಳುತ್ತಿರಲಿಲ್ಲ. ಹೊತ್ತು ಎಷ್ಟಾಯಿತೆಂದು ನಿರ್ಧರಿಸುತ್ತಿದ್ದುದು ಆಯಿಯ ಅಂಗೈ. ಸಂಜೆ ಕಟ್ಟೆಯ ಮೇಲೆ ನಿಂತು ಬಲಗೈ ಚಾಚಿ ನೋಡುತ್ತಿದ್ದರು. ಗೆರೆಗಳು ಸ್ಪಷ್ಟ ಕಾಣುವ ತನಕ ಬೆಳಕಿದೆ, ಮಸುಕಾಗತೊಡಗಿದರೆ ಹೊತ್ತು ಇಳಿಯಿತು, ತಾಟು ಹಾಕಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ವೇಳೆ ಅಚ್ಚಾಗಿತ್ತು. ಅದು ಸೋಲಾಪುರದಲ್ಲಿ ಅಚ್ಚಾದದ್ದು, ಆದ್ದರಿಂದ ಅದು ಸೋಲಾಪುರದ ಸೂರ್ಯ ಎಂದು ಆಯಿ ತಳ್ಳಿಹಾಕಿದ್ದರು.

ಆಷಾಢದಲ್ಲಿ ಆರೂವರೆಗಿದ್ದ ಊಟ ಶ್ರಾವಣದಲ್ಲಿ ಐದೂವರೆಗೆ ಬಂತು. ಮೋಡ ಎಂದುಕೊಂಡೆವು. ಭಾದ್ರಪದದಲ್ಲಿ ಮೋಡ ಹರಿದು ಬಿಸಿಲು ಬಿತ್ತು, ಊಟ ಐದರ ಒಳಗೆ ಬಂತು. ಶಾಲೆ ಬಿಟ್ಟು ಬಂದ ತ್ರಿಶಲಾ ಪಾಟಿಚೀಲ ಇಳಿಸುವ ಮುಂಚೆ ತಾಟಿನ ಮುಂದೆ ಕೂರುತ್ತಿದ್ದಳು. ಭೂಪಾಲ ಹೊಲದಿಂದ ಓಡುತ್ತ ಬರುತ್ತಿದ್ದ. ಹೊರಗೆ ಬಿಸಿಲು ಝಳಝಳ ಹೊಡೆಯುತ್ತಿರುವಾಗ ನಾವೈದು ಜನ ರಾತ್ರಿಯ ಊಟವನ್ನು ಗಂಭೀರವಾಗಿ ಮಾಡುತ್ತಿದ್ದೆವು. ಇಡೀ ಭೂಮಂಡಲಕ್ಕೆ ಒಬ್ಬ ಸೂರ್ಯನಾದರೆ, ಆ ಮನೆಗೆ ಬೇರೆಯೇ ಒಬ್ಬನಿದ್ದ. ಅವನು ದಿನೇ ದಿನೇ ಬೇಗ ಮನೆಗೆ ಹೋಗುತ್ತಿದ್ದ.

"ಈ ವರ್ಷ ಬಿಸಲಾಗ ಕಸು ಇಲ್ಲ," ಅನ್ನುತ್ತಿದ್ದರು ಆಯಿ. "ಸೂರ್ಯಾಗ ಏನೋ ಆಗೇತಿ."

ಏನಾಗಿದೆ, ಯಾರಿಗೆ ಆಗಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಕಣ್ಣಿಗೆ ಪೊರೆ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಯಿಯ ಅಕ್ಕನಿಗೆ ಬಹಳ ಹಿಂದೆ ಕಣ್ಣಿನ ಆಪರೇಷನ್ ಮಾಡಿಸಿ ಇದ್ದ ಬೆಳಕೂ ಹೋಗಿತ್ತಂತೆ. ಅಂದಿನಿಂದ ಆ ಮನೆಯಲ್ಲಿ ಕಣ್ಣಿನ ಮಾತು ಎತ್ತಿದವರೊಂದಿಗೆ ಆಯಿ ಮಾತು ಬಿಡುತ್ತಿದ್ದರು. ಭೂಪಾಲ ಒಮ್ಮೆ ಎತ್ತಿ, ಹದಿನೈದು ದಿನ ಹೆಂಡತಿಯ ಮೂಲಕ ತಾಯಿಯೊಂದಿಗೆ ವ್ಯವಹಾರ ನಡೆಸಿದ್ದನಂತೆ.

ಒಂದು ಸಂಜೆ ಹಿತ್ತಲಲ್ಲಿ ತ್ರಿಶಲಾ ಮೊರ ಹಿಡಿದು ಕೂತಿದ್ದಳು. ಆಯಿ ಹಸನು ಮಾಡಿಟ್ಟ ಜೋಳವನ್ನೇ ಮತ್ತೆ ಕೇರುತ್ತಿದ್ದಳು. ನಾನು ಬಗ್ಗಿ ನೋಡಿದೆ. ಕಾಳಿನ ನಡುವೆ ಹುಳಗಳು ಓಡಾಡುತ್ತಿದ್ದವು. ಆಕೆ ಒಂದೊಂದನ್ನೇ ಎಲೆಯ ಮೇಲೆ ಹತ್ತಿಸಿಕೊಂಡು ಬೇಲಿಗೆ ಬಿಡುತ್ತಿದ್ದಳು.

"ದಿನಾ ಮಾಡ್ತೀಯೇನವಾ?"

"ಹ್ಞೂಂ ರಿ. ಅವ್ವಗ ಅಷ್ಟ ಗೊತ್ತೈತಿ. ಹುಳ ಸೈತ ಗಿರಣ್ಯಾಗ ಬೀಸೀವಿ ಅಂತ ಆಯಿಗೆ ಗೊತ್ತಾದ್ರ ಅಕಿ ಅನ್ನಾನ ಬಿಡ್ತಾಳ್ರಿ ಸರ್." ಸ್ವಲ್ಪ ಹೊತ್ತು ಕೇರಿ, ತಲೆ ಎತ್ತಿದಳು. "ನಾವು ಹೇಳಿದ್ರ ಸಿಟ್ಟಾಗ್ತಾಳ. ನಿಮ್ಮ ಕಥಿ ಅಷ್ಟ ಕೇಳ್ತಾಳ. ಕಥಿಯಾಗ ಹೇಳ್ರಲಾ?"

ಬಂದೂಕು ಹಿಡಿಯದೆ ವೈರಿಗಳನ್ನು ಗೆದ್ದದ್ದಕ್ಕಿಂತ ಇದು ಕಷ್ಟದ ಕೆಲಸ. ಆಯಿಗೆ ಸಿಟ್ಟು ಬಂದರೆ ಭೂಪಾಲ ಮಗ, ಹದಿನೈದು ದಿನಕ್ಕೆ ಮಾಫಿ ಸಿಗುತ್ತದೆ. ನಾನು ಖೋಲಿಯವನು. ನನಗೆ ತಾಟು ತಪ್ಪಿದರೆ ಮತ್ತೆ ಆ ಡಬ್ಬಿಗಳ ಕಾಲ. ಎರಡು ದಿನ ಬರೆಯಲಿಲ್ಲ. ಆ ಎರಡು ದಿನವೂ ಆಯಿ ಮೊರದ ಮೇಲೆ ಬಗ್ಗಿ, ಕಾಣದ ಹುಳಗಳಿಗಾಗಿ ಬೆರಳಾಡಿಸುವುದನ್ನು ನೋಡಿದೆ. ಮೂರನೆಯ ದಿನ ಬರೆದೆ.

ಕಥೆ ಹೀಗೆ ತಿರುಗಿತು. ಐನಾಪುರದಲ್ಲಿ ಹೊತ್ತು ಬೇಗ ಮುಳುಗತೊಡಗುತ್ತದೆ. ಊರ ಹಿರಿಯರು ಸೂರ್ಯನ ಬತ್ತಿ ಸಣ್ಣದಾಗಿದೆ ಎಂದು ನಿರ್ಣಯಿಸಿ, ಬಾಳ್ಯಾ ಮತ್ತು ಚಂದ್ರಿಯನ್ನು ಬತ್ತಿ ಏರಿಸಿ ಬರಲು ಕಳಿಸುತ್ತಾರೆ. ಅವರು ಒಂದು ಕೊಡ ಎಣ್ಣೆ, ಒಂದು ಉಂಡೆ ಹತ್ತಿ ಹೇರಿಕೊಂಡು ಹೊರಡುತ್ತಾರೆ. ದಾರಿಯಲ್ಲಿ ಶುಕ್ರಗ್ರಹದ ಬಳಿ ಚಂದ್ರಿ ಹತ್ತಿಯನ್ನೆಲ್ಲ ತಿಂದುಹಾಕುತ್ತದೆ.

ಕೊನೆಯ ಕಂತನ್ನು ಓದುವ ದಿನವನ್ನು ನಾನು ಬಹಳ ಲೆಕ್ಕಾಚಾರ ಮಾಡಿ ಆರಿಸಿದೆ. ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರಲ್ಲಿ ಕ್ಷಮಾವಾಣಿ ಎಂಬ ದಿನವಿದೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಅಂದು ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ, ಎಲ್ಲರೂ ಕ್ಷಮಿಸುತ್ತಾರೆ. ಲೇಖಕನಾದವನು ಏನನ್ನೇ ಪ್ರಕಟಿಸಲಿ, ಅದರ ಹಿಂದಿನ ದಿನ ಪ್ರಕಟಿಸುವುದು ಕ್ಷೇಮ. ನಾನು ಹಾಗೇ ಮಾಡಿದೆ.

ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಬಾಳ್ಯಾ ಸೂರ್ಯನನ್ನು ಮುಟ್ಟುತ್ತಾನೆ. ಸೂರ್ಯ ಭಗಭಗ ಉರಿಯುತ್ತ, ಕೈಕಾಲು ಗಟ್ಟಿಯಾಗಿ, ಸ್ವಲ್ಪ ಬೊಜ್ಜೂ ಬಂದು, ಆರಾಮಾಗಿ ಕೂತಿದ್ದಾನೆ. ಎಣ್ಣೆಯ ಕೊಡ ನೋಡಿ ಅವನಿಗೆ ಅವಮಾನವಾಗುತ್ತದೆ. ಅವನ ಮಾತನ್ನು ನಾನು ಹಾಳೆಯಿಂದ ಕಣ್ಣೆತ್ತದೆ ಓದಿದೆ.

"ನನಗೇನ ಧಾಡಿ ಆಗೇತಿ? ನಾ ಮೊದಲ ಹೆಂಗಿದ್ನೋ ಹಂಗ ಅದೀನಿ. ನಿಮ್ಮೂರಾಗ ಯಾರದೋ ಮನೀ ಕಿಡಕಿ ಗಾಜ ಹೊಲಸಾಗೇತಿ. ನನಗ ಎಣ್ಣಿ ಹಾಕೂದ ಬಿಟ್ಟು ಅದನ್ನ ಒರಸ್ರಿ, ಹೋಗ್ರಿ."

ತ್ರಿಶಲಾ ನಗಲಿಲ್ಲ. ಭೂಪಾಲ ನೆಲ ನೋಡಿದ. ಸುನಂದಾ ಇಲ್ಲದ ಕೆಲಸ ನೆನಪಿಸಿಕೊಂಡು ಒಳಗೆ ಹೋದಳು. ಆಯಿಯ ಬೆರಳುಗಳು ಮೊರದ ಮೇಲೆ ನಿಂತವು. ಆಮೇಲೆ ಅವರು ಮೊರವನ್ನು ಗೋಡೆಗೆ ಆನಿಸಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ನಡೆದರು.

ಮರುದಿನ ಬೆಳಿಗ್ಗೆ ನನ್ನ ಅವಲಕ್ಕಿ ಬರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಕೆಳಗೆ ಜನ ಬರುವುದು, ಕ್ಷಮಾ ಕೇಳುವುದು, ಹೋಗುವುದು ಕೇಳುತ್ತಿತ್ತು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಟ್ರಂಕಿನ ಮೇಲೆ ಕೂತು, ಊರಲ್ಲಿ ಬೇರೆ ಯಾರ ಮನೆಯಲ್ಲಿ ಖೋಲಿ ಸಿಗಬಹುದೆಂದು ಯೋಚಿಸಿದೆ. ಖೋಲಿ ಸಿಗುತ್ತಿತ್ತು. ಅದು ಗೊತ್ತಿತ್ತು. ಅದು ಸಮಾಧಾನ ಕೊಡಲಿಲ್ಲ.

ಆಗ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿತು. ತಿಂಗಳುಗಟ್ಟಲೆ ಮೇಲೆ ಹತ್ತದಿದ್ದ ಆಯಿ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಅವಲಕ್ಕಿಯ ತಾಟು ಹಿಡಿದು ಬಂದರು. ತಾಟನ್ನು ಮೇಜೆಂದುಕೊಂಡು ನನ್ನ ಹಾಸಿಗೆಯ ಮೇಲಿಟ್ಟರು. ಕೈ ಮುಗಿದರು.

"ಮಾಸ್ತರ, ತಿಳದೋ ತಿಳೀದನೋ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ."

"ನೀವೂ ನನ್ನ ಕ್ಷಮಾ ಮಾಡ್ರಿ ಆಯಿ."

"ಮಾಡೀನಿ. ಖರೆ, ನಿಮ್ಮ ಸೂರ್ಯ ಭಾಳ ಸಿಟ್ಟಿನಾಂವ ಅದಾನ." ಅವರು ಹೊಸ್ತಿಲ ಮೇಲೆ ಕೂತರು. "ನಾ ಹಸನ ಮಾಡಿದ ಜ್ವಾಳ ತ್ರಿಶಲಾ ಮತ್ತ ಹಸನ ಮಾಡ್ತಾಳ. ಹಿತ್ತಲದಾಗ ಮೊರದ ಸಪ್ಪಳ ನನಗ ಕೇಳಸಾಂಗಿಲ್ಲ ಅಂತ ತಿಳದಾಳ. ಕಣ್ಣ ಹೋದ್ರ ಕಿವೀನೂ ಹೋಗಿರತಾವೇನ್ರಿ?"

ನಾನು ತಾಟನ್ನು ಹಾಸಿಗೆಯಿಂದ ಎತ್ತಿ, ಸಪ್ಪಳವಾಗದಂತೆ ಮೇಜಿನ ಮೇಲಿಟ್ಟೆ.

"ಗೊತ್ತೈತ್ರಿ ನನಗ. ಹೆದರಿಕಿ. ನಮ್ಮ ಅಕ್ಕ ಕಡೀತನಕ ಕತ್ತಲಾಗ ಕುಂತ್ಲು. ಆ ಹೆದರಿಕಿ ದೊಡ್ಡದು ಅಂತಿದ್ನಿ. ಆ ಹುಡುಗಿ ದಿನಾ ನನ್ನ ಪಾಪ ಎಲಿ ಮ್ಯಾಲ ಹೊತಗೊಂಡ ಹೋಗಿ ಬೇಲಿಗಿ ಬಿಡಾಕತ್ತಾಳಲಾ, ಅದು ಅದಕ್ಕಿಂತ ದೊಡ್ಡದಾತು." ಸೆರಗಿನಿಂದ ಮುಖ ಒರೆಸಿಕೊಂಡರು. "ಚಾತುರ್ಮಾಸದಾಗ ಸೀಮಿ ದಾಟಾಂಗಿಲ್ಲ ಅಂತ ನೇಮ ಹಿಡದೀನಿ. ದೀಪಾವಳಿ ಆಗ್ಲಿ. ಮಿರಜದ ದವಾಖಾನಿಗಿ ಹೋಗಿ ಗಾಜ ಒರಸ್ಕೊಂಡ ಬರೂಣು. ನೀವೂ ಬರ್ರಿ. ಈ ಕೆಲಸ ಹಚ್ಚಿಕೊಟ್ಟಾವ್ರು ನೀವ."

ದೀಪಾವಳಿ ಆದ ಮೇಲೆ ಹೋದೆವು. ಆಸ್ಪತ್ರೆಯ ಬಾಕಿನ ಮೇಲೆ ಕೂತವರು ಭೂಪಾಲ, ನಾನು, ನಡುವೆ ತ್ರಿಶಲಾ. ಅದಕ್ಕೂ ಮುಂಚೆ ನಾನು ಅಷ್ಟು ಹೆದರಿದ್ದು ಹೆಂಡತಿಗಾಗಿ ಅಂಥದೇ ಇನ್ನೊಂದು ಬಾಕಿನ ಮೇಲೆ ಒಬ್ಬನೇ ಕೂತಿದ್ದಾಗ. ಈ ಸಲ ಒಳಗಿನಿಂದ ಬಂದದ್ದು ಒಳ್ಳೆಯ ಸುದ್ದಿ. ಪಟ್ಟಿ ಬಿಚ್ಚಿದ ದಿನ ಆಯಿ ಮೊದಲು ಮೊಮ್ಮಗಳನ್ನು ನೋಡಿ ಗಲ್ಲ ಹಿಡಿದರು, ಮಗನನ್ನು ನೋಡಿ "ದಾಡಿ ಮಾಡ್ಕೋ ಲೇ" ಅಂದರು. ನಂತರ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ದನಿ ಕೇಳಿ ತರುಣ ಮನಶಾ ಅಂತ ಮಾಡಿದ್ನಿ. ಇಷ್ಟ ಸೊರಗೀರೇನ್ರಿ ಮಾಸ್ತರ?"

ಹೆಂಡತಿ ಹೋದ ಮೇಲೆ ನನ್ನನ್ನು ಹಾಗೆ ನೋಡಿದವರು ಯಾರೂ ಇರಲಿಲ್ಲ. ಹವೆ ಚಳಿ ಎಂದು ಹೇಳಿ ಮೂಗು ಒರೆಸಿಕೊಂಡೆ.

ಆ ಚಳಿಗಾಲವೂ ಊಟ ಐದೂವರೆಗೇ ಆಯಿತು. ಆದರೆ ಅದು ಈ ಸಲ ನಿಜವಾದ ಸೂರ್ಯನದೇ ತಪ್ಪು. ತ್ರಿಶಲಾ ಹಿತ್ತಲಿನ ಕೆಲಸದಿಂದ ನಿವೃತ್ತಳಾದಳು. ಬೇಸಿಗೆಯಲ್ಲಿ ನಾನೂ ಆದೆ. ಬಾಳ್ಯಾನ ಕೊನೆಯ ಕಂತು ಅಚ್ಚಾಗಲಿಲ್ಲ, ಅಷ್ಟರಲ್ಲಿ ಆ ಮಾಸಪತ್ರಿಕೆ ನಿಂತುಹೋಯಿತು. ಅದರಲ್ಲಿ ನನ್ನ ಪಾಲೂ ಇದ್ದಿರಬಹುದು. ಧಾರವಾಡಕ್ಕೆ ಬಂದ ಮೇಲೆ ಆಯಿ ಹೋದ ಸುದ್ದಿ ಬಂತು. ಕೊನೆಯ ದಿನದ ತನಕ ಜೋಳ ತಾವೇ ಹಸನು ಮಾಡಿದರಂತೆ.

ಅವರು ಕೊಟ್ಟ ತೀರ್ಪನ್ನು ನಾನು ಇಂದಿಗೂ ಪಾಲಿಸುತ್ತೇನೆ. ಹಿಡಿಯಲು ನನಗೊಂದು ಊರ ಹೊತ್ತು ಬೇಕಾಗಿತ್ತು, ಐನಾಪುರದ್ದನ್ನು ಹಿಡಿದಿದ್ದೇನೆ. ಸಂಜೆ ಕಿಟಕಿಯಲ್ಲಿ ನಿಂತು ಅಂಗೈ ನೋಡಿ, ಗೆರೆ ಮಸುಕಾಗುವ ಮುಂಚೆ ಒಂದು ತಾಟು ಹಾಕಿಕೊಂಡು ಉಣ್ಣುತ್ತೇನೆ. ಮೋಡ ಇದ್ದು ಅನುಮಾನ ಬಂದರೆ ತ್ರಿಶಲಾಳಿಗೆ ಫೋನ್ ಮಾಡುತ್ತೇನೆ. ಆಕೆ ಈಗ ಕಾಲೇಜಿಗೆ ಹೋಗುತ್ತಾಳೆ, ಸಂಜೆ ಎಮ್ಮೆ ಹಿಂಡುತ್ತಾಳೆ.

ಈಚೆಗೆ ಅನುಮಾನ ಹೆಚ್ಚಾಗಿದೆ. ಈ ಮಳೆಗಾಲ ಮೋಡ ಜಾಸ್ತಿ. ಇವತ್ತು ಕೆಳಗಿನ ಮನೆಯ ರೊಟ್ಟಿಯ ವಾಸನೆ ಬಂದಾಗ ಕಿಟಕಿಗೆ ಹೋಗಿ ಕೈ ಚಾಚಿದೆ. ಗೆರೆ ಕಾಣಲಿಲ್ಲ. ಫೋನ್ ಮಾಡಿದೆ.

"ತ್ರಿಶಲಾ, ಅಲ್ಲೆ ಹೊತ್ತ ಮುಳುಗಿತೇನವಾ?"

"ಇಲ್ರಿ ಸರ್! ಇನ್ನೂ ಐದ ಆಗೇತಿ. ಕಣ್ಣ ಬಿಡಾಕ ಆಗದಂಥಾ ಬಿಸಲ ಐತಿ. ಯಾಕ್ರಿ, ಧಾರವಾಡದಾಗ ಮಳಿ ಐತೇನು?"

ಕೆಳಗೆ ರಸ್ತೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಬ್ಬೊಬ್ಬರ ಹಿಂದೆಯೂ ಒಂದೊಂದು ಕಪ್ಪು ನೆರಳು ಓಡುತ್ತಿತ್ತು. ದಟ್ಟ ಮೋಡವಿದ್ದಾಗ ಅಂಥ ನೆರಳು ಬೀಳುವುದಿಲ್ಲ ಎಂದು ನಾನು ಸೇವೆಯುದ್ದಕ್ಕೂ ಮಕ್ಕಳಿಗೆ ಪಾಠ ಮಾಡಿದ್ದೇನೆ.

"ಮಳಿ ಇಲ್ಲವಾ," ಅಂದೆ. "ಈ ವರ್ಷ ಬಿಸಲಾಗ ಕಸು ಇಲ್ಲ."

ಆ ಕಡೆ ಚರಿಗೆ ಕೆಳಗಿಟ್ಟ ಸಪ್ಪಳ, ಎಮ್ಮೆಯೊಂದು ಒದರಿದ್ದು ಕೇಳಿಸಿತು.

"ಸರ್," ಅಂದಳು ತ್ರಿಶಲಾ, ಬಹಳ ಮೆತ್ತಗೆ, "ಸ್ವಲ್ಪ ಕುಂದರ್ರಿ. ನಾ ಒಂದ ಕಥಿ ಹೇಳ್ತೀನಿ."